ಬೆಡೋಕ್‌ನಿಂದ ಫಿಲಿಪ್ಪೀನ್ಸ್‌ಗೆ ಸುವಾರ್ತೆ

ದೇವರ ಕೆಲಸಕ್ಕೆ ಅಂತ ಹೊರಟವರು ನಗೆಪಾಟಲಾಗುವುದು ಎಲ್ಲ ಕಡೆಯೂ ಆಗುತ್ತಲೇ ಇರುತ್ತದೆ. ನಮ್ಮಲ್ಲಿ ಮಾತ್ರ ಅದು ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಶುರುವಾಗುತ್ತದೆ. ಸಿಂಗಾಪುರದ ಬೆಡೋಕ್‌ನ ಒಂದು ದೊಡ್ಡ ಇಂಗ್ಲಿಷ್ ಚರ್ಚಿನ ಹಿಂದಿನ ರೂಮಿನಲ್ಲಿ ನಾವು ಕೆಲವು ಕನ್ನಡ ಪ್ರಾಟೆಸ್ಟೆಂಟ್ ಮನೆಯವರು ಸೇರಿ ಆರಾಧನೆ ಮಾಡುತ್ತೇವೆ. ನಾನು ಅದರ ಕಾರ್ಯದರ್ಶಿ, ಅಂದರೆ ಕುರ್ಚಿ ಹಾಕುವವನು.

ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ವಾರವಿಡೀ ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್. ಬೆಡೋಕ್ ಈ ದ್ವೀಪದ ಒಂದು ತುದಿ, ಟುವಾಸ್ ಇನ್ನೊಂದು ತುದಿ. ಯಾರಿಗಾದರೂ ಅಲ್ಲಿಗೆ ವರ್ಗವಾಯಿತು ಅಂದರೆ ಇಲ್ಲಿನವರು ಆಸ್ಪತ್ರೆ ಸೇರಿದವರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಾರೆ. ಅಯ್ಯನವರ ಭಾನುವಾರದ ಪ್ರಸಂಗದಲ್ಲಿ ನರಕ ಬಂದರೆ ಸಾಕು, ಬೆಂಕಿ ನಂದಿಸುವ ಸಿಲಿಂಡರೂ ಹಿಂದೆಯೇ ಬರುತ್ತದೆ.

ವೀಸಾ ಬೇಡದ ದರ್ಶನ

ಹೋದ ವರ್ಷ ದೊಡ್ಡ ಚರ್ಚಿನ ಕಮಿಟಿಯವರು ಒಂದು ಮಾತು ಹೇಳಿ ಕಳಿಸಿದರು. ಸಣ್ಣ ಭಾಷೆಯ ಗುಂಪುಗಳು ಈ ವರ್ಷ ಹೊಸಬರಿಗೆ ಯೇಸುವಿನ ಸುವಾರ್ತೆ ಮುಟ್ಟಿಸಿ ತೋರಿಸಬೇಕು, ಇಲ್ಲದಿದ್ದರೆ ಪಕ್ಕದ ರೂಮಿನ ತಮಿಳು ಆರಾಧನೆಯ ಜೊತೆ ಸೇರಿಕೊಳ್ಳಬೇಕು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ನಮ್ಮ ಜೊತೆಯಲ್ಲೇ ಇರುವವಳು. ನಾವು ಆಫೀಸಿಗೆ ಹೋದ ಮೇಲೆ ಅವಳ ಜೊತೆ ಕನ್ನಡ ಆಡಲು ಇರುವುದು ನನ್ನ ಮಗಳು ಒಬ್ಬಳೇ. ಮಗಳ ಕನ್ನಡ ಇಲ್ಲಿಯ ಇಂಗ್ಲಿಷಿನ "ಲಾ" ಸೇರಿಸಿಕೊಂಡು "ಊಟ ಆಯ್ತು ಲಾ ಅಜ್ಜಿ" ಅನ್ನುವಲ್ಲಿಗೆ ಮುಗಿಯುತ್ತದೆ.

"ತಮಿಳಲ್ಲಿ ಹಾಡ್ಬಹುದು ಕಣೋ, ಹೆಂಗೋ ಬಾಯಾಡಿಸ್ಬಹುದು," ಅಂದಳು ಅಮ್ಮ. "ಅಳೋಕಾಗಲ್ಲ."

ನಾನು ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಅಮ್ಮನಿಗೆ ಇಡೀ ಸಿಂಗಾಪುರದಲ್ಲಿ ಇರುವುದು ಆ ಒಂದು ರೂಮು.

ಅಯ್ಯನವರು ಉಪವಾಸ ಮಾಡಿ ಪ್ರಾರ್ಥಿಸಿದರು. ದೇವರು ಫಿಲಿಪ್ಪೀನ್ಸ್ ತೋರಿಸಿದನಂತೆ. ಅಲ್ಲಿ ಒಂದು ಸಭೆ, ಅಂದರೆ ನಮ್ಮದೇ ಹೊಸ ಚರ್ಚು, ಸ್ಥಾಪಿಸಬೇಕಂತೆ.

"ಅಯ್ಯನವರೇ, ಅಲ್ಲಿ ಎಲ್ರೂ ಆಗ್ಲೇ ಕ್ಯಾಥೊಲಿಕ್ ಅಲ್ವಾ? ಏಸು ಗೊತ್ತಿರೋರಿಗೆ ಏಸು ಬಗ್ಗೆ ಏನು ಹೇಳೋದು?" ಅಂತ ಕೇಳಿದೆ.

"ಗೊತ್ತಿಲ್ದೋರಿಗೆ ಹೇಳೋದು ಸುಲಭ ಬ್ರದರ್. ಗೊತ್ತಿರೋರಿಗೆ ಹೇಳೋದೇ ಸೇವೆ."

"ಹತ್ರದಲ್ಲೇ ಬೇರೆ ದೇಶ ಇದ್ವಲ್ಲ?"

ಅಯ್ಯನವರು ದನಿ ತಗ್ಗಿಸಿದರು. "ಪ್ರಾರ್ಥನೆ ಮಾಡೋಕ್ ಮುಂಚೆ ಚೆಕ್ ಮಾಡಿದ್ದೆ. ಇಲ್ಲಿ ಖಾಯಂ ವಾಸದ ಪಿಆರ್ ಇದ್ರೆ ಫಿಲಿಪ್ಪೀನ್ಸ್‌ಗೆ ವೀಸಾ ಬೇಡ."

ಇವತ್ತೇ ಸತ್ತರೆ?

ಹೊರಡುವ ಮುಂಚೆ ನಾವೆಲ್ಲ ಸುವಾರ್ತೆ ಹೇಳುವ ಅಭ್ಯಾಸ ಮಾಡಬೇಕಿತ್ತು. ಮೊದಲ ಪ್ರಶ್ನೆ ಯಾವಾಗಲೂ ಸಾವಿನದೇ ಆಗಿರಬೇಕು, ಕೇಳುವಾಗ ಕಣ್ಣಲ್ಲಿ ಭಾರ ಕಾಣಬೇಕು ಅಂತ ಅಯ್ಯನವರು ಕಲಿಸಿದ್ದರು.

ಚಾಂಗಿ ಬಿಸಿನೆಸ್ ಪಾರ್ಕಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಫಿಲಿಪಿನೊ, ಕ್ಯಾಥೊಲಿಕ್, ಬಲು ಒಳ್ಳೆಯವನು. ಇವನಿಗಿಂತ ಬೇಕೇ ಅಂತ ಊಟದ ಹೊತ್ತಿಗೆ ಎದುರು ಕೂತೆ. ಅನ್ನ ಕಲಸದೆ ಅವನನ್ನೇ ನೋಡಿದೆ.

"ಇವತ್ತು ರಾತ್ರಿಯೇ ಸತ್ತುಹೋದರೆ ಏನಾಗುತ್ತೆ ಅಂತ ಯೋಚನೆ ಮಾಡಿದ್ದೀಯಾ?" ಅಂದೆ. "ನಾನು ದಿನಾ ಅದನ್ನೇ ಯೋಚನೆ ಮಾಡ್ತೀನಿ."

ಅವನು ಚಮಚ ಕೆಳಗಿಟ್ಟ. ನನ್ನ ಕೈ ಹಿಡಿದುಕೊಂಡ. "ಮನೇಲಿ ಯಾರಿಗಾದ್ರೂ ಹೇಳಿದ್ದೀಯಾ?" ಅಂದ.

ಕೆಲಸ ಮಾಡಿತು ಅಂದುಕೊಂಡೆ. ಮಧ್ಯಾಹ್ನವೇ ಮ್ಯಾನೇಜರ್ ಕರೆದು, ಎಷ್ಟು ದಿನ ಬೇಕಾದರೂ ರಜೆ ತಗೋ, ಪ್ರಾಜೆಕ್ಟ್ ಎಲ್ಲೂ ಓಡಿಹೋಗಲ್ಲ ಅಂದರು. ಹಿಂದಿನ ದಿನವಷ್ಟೇ ಅದೇ ಪ್ರಾಜೆಕ್ಟಿಗಾಗಿ ನನ್ನ ಮೇಲೆ ಕೂಗಾಡಿದ್ದರು. ಎಚ್‌ಆರ್‌ನವರು ಒಬ್ಬ ಕೌನ್ಸೆಲರ್ ಹತ್ತಿರ ಕೂರಿಸಿದರು. ಕೆಲಸದ ಪ್ರೆಷರ್ರಾ ಅಂತ ಆಕೆ ಕೇಳಿದರೆ, ಇಲ್ಲ, ಸೇವೆಯ ಪ್ರೆಷರ್ ಅಂತ ಹೇಗೆ ಹೇಳುವುದು? ಟೀಮಿನವರು ಒಬ್ಬೊಬ್ಬರಾಗಿ ಬಂದು ನನ್ನ ಮೇಜಿನ ಮೇಲೆ ಬಿಸ್ಕತ್ತಿಟ್ಟು ಬೆನ್ನು ತಟ್ಟಿ ಹೋದರು.

ಮಾರನೆಯ ದಿನ ಫಿಲಿಪಿನೊ ನಗುನಗುತ್ತ ಬಂದ. "ನಿನ್ನ ಹೆಸರಲ್ಲಿ ನಮ್ಮ ಚರ್ಚಲ್ಲಿ ಫಾದರ್ ಹತ್ರ ಬಲಿಪೂಜೆಯ ಪ್ರಾರ್ಥನೆ ಮಾಡಿಸಿದೆ. ಭಾನುವಾರ ಎಲ್ಲಿರ್ತೀಯ?"

"ಕನ್ನಡ ಆರಾಧನೇಲಿ."

"ನಾನೂ ಬರ್ತೀನಿ."

ಅಯ್ಯನವರಿಗೆ ಫೋನ್ ಮಾಡಿದೆ. ಟುವಾಸ್‌ನ ಯಂತ್ರಗಳ ಸದ್ದಿನ ನಡುವೆ ಅವರು ಕೂಗಿದರು: "ಸ್ತೋತ್ರ! ಇನ್ನೂ ವಿಮಾನಾನೇ ಹತ್ತಿಲ್ಲ, ಆಗ್ಲೇ ಫಲ!"

ಕೈ ಎತ್ತಿದವರು

ಫಿಲಿಪ್ಪೀನ್ಸ್‌ನಲ್ಲಿ ನಮಗೆಲ್ಲ ಏರ್ಪಾಟು ಮಾಡಿದವನೂ ಅವನೇ. ಅವನ ಊರು, ಅವನ ದೊಡ್ಡಮ್ಮನ ಮನೆ, ಅವರ ಬೀದಿಯ ಬ್ಯಾಸ್ಕೆಟ್‌ಬಾಲ್ ಕೋರ್ಟು. ಸಂಜೆಗೆ ಇಡೀ ಬೀದಿ ಬಂದು ಕೂತಿತ್ತು. ದೊಡ್ಡಮ್ಮ ಹೂವಿನ ಫ್ರಾಕ್ ಹಾಕಿಕೊಂಡು ಮೊದಲ ಸಾಲಿನಲ್ಲಿದ್ದರು.

ಅಯ್ಯನವರು ಬೆವರು ಸುರಿಸಿ ಪ್ರಸಂಗ ಮಾಡಿದರು. ಕೊನೆಗೆ, "ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿ" ಅಂದರು. ಮಕ್ಕಳು ಮುದುಕರು ಅನ್ನದೆ ಎಲ್ಲರೂ ಎತ್ತಿದರು. ಐಸ್‌ಕ್ರೀಮ್ ಗಾಡಿಯವನೂ ಎತ್ತಿದ. ಅಯ್ಯನವರು ಗಳಗಳ ಅತ್ತರು. ನಾನು ಫೋಟೊ ಹೊಡೆದೆ. ಅಮ್ಮನ ರೂಮು ಉಳಿಯಿತು ಅಂತ ನನಗೂ ಕಣ್ಣು ತುಂಬಿತು.

ಊಟಕ್ಕೆ ಕೂತಾಗ ಅಯ್ಯನವರು ದೊಡ್ಡಮ್ಮನನ್ನು ಕೇಳಿದರು, "ನಿಮಗೆ ಇವತ್ತು ಮನಸ್ಸಿಗೆ ಏನನಿಸಿತು?"

"ಚೆನ್ನಾಗಿತ್ತು. ಹೋದ ತಿಂಗಳು ಕೊರಿಯಾದವರಿಗೂ ಎತ್ತಿದ್ವಿ, ಅದಕ್ ಮೊದಲು ಅಮೆರಿಕದವರಿಗೆ. ಪಾಪ, ಅಷ್ಟು ದೂರದಿಂದ ಬರ್ತೀರಿ. ಕೈ ಎತ್ತದೆ ಹೇಗೆ ಕಳಿಸೋದು?" ಅನ್ನುತ್ತ ಆಕೆ ಅವರ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದರು.

ಮಾರನೆಯ ಬೆಳಿಗ್ಗೆ ನಮ್ಮ ಹೊಸ ಸಭೆಯ ಮೊದಲ ಆರಾಧನೆ. ಕೋರ್ಟಿನಲ್ಲಿ ನಮ್ಮನ್ನು ಬಿಟ್ಟರೆ ಒಂದು ನಾಯಿ ಇತ್ತು. ಊರಿಗೆ ಊರೇ ಪೂಜೆಗೆ ಹೋಗಿತ್ತು. ಹಸಿವು ಬೇರೆ. ತಿಂಡಿ ಪೂಜೆ ಆದ ಮೇಲೆಯೇ, ಅದೂ ಚರ್ಚಿನ ಅಂಗಳದಲ್ಲೇ ಅಂತ ದೊಡ್ಡಮ್ಮ ರಾತ್ರಿಯೇ ಹೇಳಿದ್ದರು. ಹಾಗಾಗಿ ಸಭೆ ಸ್ಥಾಪಿಸಲು ಹೋದ ನಾವೆಲ್ಲ ಕ್ಯಾಥೊಲಿಕ್ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತೆವು. ಎಲ್ಲರೂ ಮೊಣಕಾಲೂರಿದಾಗ ಅಯ್ಯನವರೊಬ್ಬರೇ ತಲೆ ಎತ್ತಿ ಸುತ್ತ ನೋಡುತ್ತಿದ್ದರು. ಅವರಿಗೆ ದೇವರ ಸಾನ್ನಿಧ್ಯದ ಅನುಭವವಾಗುತ್ತಿದೆ ಅಂದುಕೊಂಡೆ.

"ಇಷ್ಟು ಜನಕ್ಕೆ ಒಂದೇ ಬಾಗ್ಲು ಬ್ರದರ್," ಅಂತ ಪಿಸುಗುಟ್ಟಿದರು. "ಫೈರ್ ಎಕ್ಸಿಟ್ಟೇ ಇಲ್ಲ."

ಕಮಿಟಿಯ ಮುಂದೆ

ಕಮಿಟಿಯ ದಿನ ನಾವೆಲ್ಲ ಇಸ್ತ್ರಿ ಬಟ್ಟೆಯಲ್ಲಿ ಕೂತಿದ್ದೆವು. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅವಳ ಪಕ್ಕದಲ್ಲಿ ನಮ್ಮ ಫಿಲಿಪಿನೊ. ಆ ಮೊದಲ ಭಾನುವಾರದಿಂದ ಅವನು ಒಂದು ವಾರವೂ ತಪ್ಪಿಸಿರಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅವಳು ಡಬ್ಬಿಯಲ್ಲಿ ಚಿತ್ರಾನ್ನ ತಂದು ಕೊಡುವಳು. ಅವನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಕೀರ್ತನೆಯನ್ನು ಅವಳಿಗಿಂತ ಜೋರಾಗಿ ಹಾಡುವನು.

ಅಯ್ಯನವರು ಪರದೆಯ ಮೇಲೆ ಫೋಟೊ ತೋರಿಸಿದರು. ಎತ್ತಿದ ಕೈಗಳೇ ಕೈಗಳು. ಕಮಿಟಿಯ ಚೇರ್ಮನ್, ರಿಟೈರಾದ ಚೀನೀ ಅಂಕಲ್, ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು.

"ಈ ಹೂವಿನ ಫ್ರಾಕಿನ ಆಂಟಿಯನ್ನು ನಮ್ಮ ಕೊರಿಯನ್ ಗುಂಪಿನವರ ಫೋಟೊದಲ್ಲೂ ನೋಡಿದ್ದೇನೆ," ಅಂದರು. "ಅದರಲ್ಲೂ ಇದೇ ಕೈ ಎತ್ತಿದ್ದರು."

ಅಯ್ಯನವರು ರಿಮೋಟು ಕೆಳಗಿಟ್ಟರು.

"ಕೈಗಳ ಮಾತು ಬಿಡಿ," ಅಂದರು ಚೇರ್ಮನ್. "ನಿಮ್ಮಿಂದ ಒಬ್ಬರಾದರೂ ಹೊಸಬರು ಇಲ್ಲಿಗೆ ಬರ್ತಿದ್ದಾರಾ? ಒಬ್ಬರು?"

ಅಮ್ಮ ಏನಂತೆ ಅಂತ ನನ್ನ ತೋಳು ಜಗ್ಗಿದಳು. ಆಗ ಫಿಲಿಪಿನೊ ಎದ್ದುನಿಂತ. ಅಯ್ಯನವರ ಮುಖಕ್ಕೆ ಜೀವ ಬಂತು.

"ಬ್ರದರ್," ಅಂದರು ಚೇರ್ಮನ್, "ನಿನ್ನನ್ನು ಇಲ್ಲಿಗೆ ಕರೆತಂದದ್ದು ಏನು, ಹೇಳು."

"ಇವನು ಒಂದು ದಿನ ಸಾಯೋ ಮಾತಾಡಿದ ಸರ್," ಅಂತ ಅವನು ನನ್ನ ಕಡೆ ಕೈ ತೋರಿಸಿದ. "ನಮ್ಮ ಫಾದರ್‌ಗೆ ಹೇಳಿದೆ. ಅವನನ್ನು ಭಾನುವಾರ ಒಬ್ಬನೇ ಬಿಡಬೇಡ, ಅದೇ ನಿನ್ನ ಸೇವೆ ಅಂದ್ರು. ಬೆಳಿಗ್ಗೆ ನಮ್ಮ ಪೂಜೆ ಮುಗಿಸಿ ಮಧ್ಯಾಹ್ನ ಇಲ್ಲಿಗೆ ಬರ್ತೀನಿ. ನಮ್ಮ ಚರ್ಚಲ್ಲಿ ಇವರೆಲ್ಲರಿಗೂ ವಾರವಾರ ಪ್ರಾರ್ಥನೆ ಮಾಡ್ತೀವಿ."

ಅಂದರೆ ನಾವು ಅವನ ದೇಶಕ್ಕೆ ಮಿಷನ್ ಕಟ್ಟಿಕೊಂಡು ಹೋಗಿದ್ದಾಗ, ಅವರು ನಮ್ಮ ಮೇಲೊಬ್ಬ ಮಿಷನರಿಯನ್ನು ಆಗಲೇ ನೇಮಿಸಿ ಆಗಿತ್ತು. ಅಯ್ಯನವರು ಕುರ್ಚಿಯಲ್ಲಿ ಕುಸಿದರು.

ಫಿಲಿಪಿನೊ ಕೈ ಜೋಡಿಸಿದ. "ಸರ್, ದಯವಿಟ್ಟು ಇದನ್ನ ಮುಚ್ಚಬೇಡಿ. ಇಲ್ಲಿ ನನ್ನ ಕೆಲಸ ಮುಗೀತು ಅಂದ್ರೆ ಫಾದರ್ ನನ್ನನ್ನ ಟುವಾಸ್‌ನ ಕಾರ್ಮಿಕರ ಹಾಸ್ಟೆಲ್ ಸೇವೆಗೆ ಹಾಕ್ತಾರೆ."

ಚೇರ್ಮನ್ ಮೊದಲು ಕೆಮ್ಮಿದರು, ಆಮೇಲೆ ಮೇಜು ಹಿಡಿದುಕೊಂಡು ನಕ್ಕರು, ಕಮಿಟಿಯೇ ನಕ್ಕಿತು. ಅಷ್ಟು ಹೊತ್ತು ಸೋತು ಕೂತಿದ್ದ ಅಯ್ಯನವರು ಮಾತ್ರ ದಡಕ್ಕನೆ ಎದ್ದರು. "ಟುವಾಸ್‌ಗೆ ಏನಾಗಿದೆ ಸ್ವಾಮಿ? ಬಸ್ಸಿದೆ, ಟ್ರೇನಿದೆ!"

"ಕನ್ನಡ ಆರಾಧನೆ ಇರಲಿ," ಅಂದರು ಚೇರ್ಮನ್ ಕಣ್ಣೊರೆಸಿಕೊಳ್ಳುತ್ತ. "ಅಲ್ಲಿ ಮಿಷನ್ ಕೆಲಸ ನಡೀತಿದೆ ಅನ್ನೋದು ಸ್ಪಷ್ಟ." ಯಾರದು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊರಗೆ ಬಂದು ಅಮ್ಮನಿಗೆ ಎಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದೆ. ರೂಮು ಉಳಿಯಿತು ಅಂದಾಗ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಹಂಗಾದ್ರೆ ಈ ಹುಡುಗನ್ನ ಅವ್ರ ಫಾದರ್ರು ನನ್ನ ನೋಡ್ಕೊಳ್ಳೋಕೆ ಕಳ್ಸಿದ್ದಾ?" ಅಂದಳು.

"ನಿನ್ನನ್ನಲ್ಲಮ್ಮ, ನನ್ನನ್ನ ಸರಿ ಮಾಡೋಕೆ."

ಅಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಅವನ ಕೈಗೆ ಚಿತ್ರಾನ್ನದ ಡಬ್ಬಿ ಕೊಡುತ್ತ, "ನಿನ್ನನ್ನಾ? ಇವನೊಬ್ಬನ ಕೈಲಿ ಆಗಲ್ಲ ಕಣೋ," ಅಂದಳು. "ಇನ್ನೊಂದಷ್ಟು ಜನಾನ ಕಳ್ಸೋಕೆ ಹೇಳು."