ಮುತ್ತಾತನ ಹೆಸರಿಗೊಂದು ಹೇಸರಗತ್ತೆ

"ಒಂದು ನಿಮಿಷ, ಇಲ್ಲಿ ಹಳೇ ಸ್ಮಶಾನಕ್ಕೆ ದಾರಿ ಯಾವುದು?"

ಲಿವರ್ಮೋರ್ ದಾಟಿ, ಫ್ರೀವೇ ಬಿಟ್ಟು, ಒಣಹುಲ್ಲಿನ ಗುಡ್ಡಗಳ ನಡುವೆ ಅದೇ ಗಾಳಿಯಂತ್ರದ ಕೆಳಗೆ ಮತ್ತೆ ಮತ್ತೆ ಹಾದುಹೋದ ಮೇಲೆ, ಕಾರಿನ ಕಿಟಕಿ ಇಳಿಸಿ ನಾನು ಕೇಳಿದ ಪ್ರಶ್ನೆ ಇದು. ಫೋನಿನಲ್ಲಿ ಸಿಗ್ನಲ್ಲು ಯಾವಾಗಲೋ ಸತ್ತಿತ್ತು. ಪಕ್ಕದ ಸೀಟಿನಲ್ಲಿ ಹಾಸನದಿಂದ ಅಮೆರಿಕಕ್ಕೆ ಬಂದಿರುವ ನನ್ನ ಅಮ್ಮ, ತೊಡೆಯ ಮೇಲೆ ಮದುವೆಯ ಕರೆಯೋಲೆ, ಅಕ್ಷತೆಯ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಬೇಲಿಗೆ ಮೊಳೆ ಹೊಡೆಯುತ್ತಿದ್ದ ವಯಸ್ಸಾದ ರೈತ ಟೋಪಿ ಹಿಂದಕ್ಕೆ ಸರಿಸಿ ನಮ್ಮಿಬ್ಬರನ್ನೂ ನೋಡಿದ.

"ಯಾರನ್ನು ನೋಡಬೇಕಿತ್ತು?"

"ನಮ್ಮ ಅಳಿಯ ಆಗುವವನ ಮುತ್ತಾತನನ್ನ."

"ತೀರಿಕೊಂಡು ಬಹಳ ದಿನ ಆಯ್ತೇ?"

"ನೂರು ವರ್ಷದ ಹತ್ತಿರ ಹತ್ತಿರ."

"ಹಾಗಿದ್ದರೆ ನಿಧಾನಕ್ಕೇ ಹೋಗಿ. ಮುಂದೆ ತಿರುವು ಕೆಟ್ಟದು."

ಯಾವ ಮನೆತನದವರು ಎಂದು ಕೇಳಿದ. ಹೇಳಿದೆ. ಅವನ ಮುಖದ ನಗು ಇಳಿದುಹೋಯಿತು. ಸುತ್ತಿಗೆಯಲ್ಲೇ ದಾರಿ ತೋರಿಸಿ, ಬೆನ್ನು ತಿರುಗಿಸಿ, ಮೊಳೆಯನ್ನು ಮೊದಲಿಗಿಂತ ಜೋರಾಗಿ ಹೊಡೆಯತೊಡಗಿದ.

ನನಗೆ ಇಂಥವು ಆಗುತ್ತಲೇ ಇರುತ್ತವೆ; ಆಗದ ವಾರ ಮೈಗೆ ಹುಷಾರಿಲ್ಲವೇನೋ ಅನ್ನಿಸುತ್ತದೆ. ಇಸ್ತಾಂಬುಲ್‌ನಲ್ಲಿ ದಾರಿ ತಪ್ಪಿ ಯಾರದೋ ನಿಶ್ಚಿತಾರ್ಥದಲ್ಲಿ ಉಂಡು ಬಂದವಳು ನಾನು. ಪೆರುವಿನಲ್ಲಿ ಬಸ್ಸು ತಪ್ಪಿಸಿಕೊಂಡು ಆಲೂಗಡ್ಡೆ ಲಾರಿಯಲ್ಲಿ ಬೆಟ್ಟ ಇಳಿದಿದ್ದೇನೆ. ಆಗೆಲ್ಲ ಎದೆ ಒಂದು ಸಲವೂ ಡವಡವ ಅನ್ನಲಿಲ್ಲ. ಈಗ ಮನೆಯಿಂದ ಗಂಟೆ ದೂರದಲ್ಲಿ, ಮಗಳ ಮದುವೆಗೆ ಐದು ದಿನ ಇರುವಾಗ, ಸ್ಟಿಯರಿಂಗು ಹಿಡಿದ ಕೈ ಬೆವರುತ್ತಿತ್ತು. ಯಾಕೆಂದು ಹೇಳುತ್ತೇನೆ.

ಗೋತ್ರ ಇದೆ, ಹೆಸರಿಲ್ಲ

ನಮ್ಮ ಪುರೋಹಿತರು ವಾರದ ದಿನಗಳಲ್ಲಿ ಪ್ಲೆಸೆಂಟನ್ನಿನ ಆಫೀಸೊಂದರಲ್ಲಿ ಸಾಫ್ಟ್‌ವೇರು, ಶನಿವಾರ ಭಾನುವಾರ ಸತ್ಯನಾರಾಯಣ. ಮೀಟಿಂಗಿನ ಮಧ್ಯೆ ಮ್ಯೂಟ್ ಮಾಡಿಕೊಂಡು ಫೋನು ಎತ್ತುತ್ತಾರೆ.

"ಧಾರೆ ಹೊತ್ತಿಗೆ ಹುಡುಗನ ಅಪ್ಪ, ತಾತ, ಮುತ್ತಾತ, ಮೂರೂ ಹೆಸರು ಬೇಕು ಮೇಡಂ. ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಅಂತ ಮೂರು ಸಲ ಗಟ್ಟಿಯಾಗಿ ಹೇಳ್ತೀನಿ."

"ಹುಡುಗ ಅಮೆರಿಕನ್ನು, ಗೋತ್ರವೇ ಇಲ್ಲವಲ್ಲ?"

"ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ಅದಕ್ಕೆ ದಾರಿ ಇದೆ. ಮುತ್ತಾತನ ಹೆಸರಿಗೆ ಹಾಗೆ ರೆಡಿಮೇಡು ಸಿಗಲ್ಲ."

ಸ್ಪೀಕರಿನಲ್ಲಿ ಬಂದದ್ದನ್ನೆಲ್ಲ ಮಗಳಿಂದ ಇಂಗ್ಲಿಷಿನಲ್ಲಿ ಕೇಳಿಸಿಕೊಂಡ ಹುಡುಗ ನನ್ನನ್ನು ಮೆಲ್ಲಗೆ ಕೇಳಿದ: "ನಮ್ಮಪ್ಪನ ಹೆಸರನ್ನೂ ಹೇಳ್ತಾರಾ? ಎಲ್ಲರ ಎದುರಿಗಾ?" ಅವನ ಅಪ್ಪ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಸೇರಿರಲಿಲ್ಲ. ಹೌದು ಎಂದೆ. "ಮೂರನೇ ಹೆಸರು ನನಗೆ ಗೊತ್ತಿಲ್ಲ" ಎಂದ, ಪರೀಕ್ಷೆಯಲ್ಲಿ ಫೇಲಾದವನ ಹಾಗೆ. ಅಪ್ಪನ ಹೆಸರು ಸರಾಗವಾಗಿ ಹೇಳಿ, ಮೂರನೆಯದಕ್ಕೆ ಪುರೋಹಿತರು ಗಂಟಲು ಸರಿಮಾಡಿಕೊಳ್ಳುವ ದೃಶ್ಯ ಅವತ್ತಿನಿಂದ ನನ್ನ ನಿದ್ದೆ ತಿನ್ನತೊಡಗಿತು.

"ಜಸ್ಟ್ ಮೇಕ್ ಇಟ್ ಅಪ್, ಅಮ್ಮಾ" ಎಂದಳು ಮಗಳು.

"ಇಲ್ಲದ ಹೆಸರು ಕರೆದರೆ ಇನ್ಯಾರೋ ಬಂದು ಕೂತ್ಕೋತಾರೆ ಕಣೇ," ಎಂದಳು ನನ್ನ ಅಮ್ಮ. "ಆಮೇಲೆ ಅವರನ್ನ ಎಬ್ಬಿಸೋರು ಯಾರು?"

ಮರುದಿನ ಪುರೋಹಿತರೇ ಫೋನು ಮಾಡಿದರು. "ಗ್ರೇಟ್ ಗ್ರ್ಯಾಂಡ್‌ಫಾದರು ಇನ್ನೂ ಮಿಸ್ಸಿಂಗಾ ಮೇಡಂ?" ಅವತ್ತು ಮ್ಯೂಟ್ ಒತ್ತುವುದು ಮರೆತಿದ್ದರು. ಸಂಜೆಯೊಳಗೆ ಅವರ ಟೀಮಿನವರು ಧೈರ್ಯ ಹೇಳಿ ದೊಡ್ಡದೊಂದು ಹೂಗುಚ್ಛ ಕಳಿಸಿದರಂತೆ. "ಏನು ಮಾಡಿದ್ರಿ?" ಎಂದೆ. "ಒಳ್ಳೇ ಹೂವು ಮೇಡಂ, ದೇವರಿಗೆ ಏರಿಸಿಬಿಟ್ಟೆ. ಮ್ಯಾನೇಜರು ಒಂದು ದಿನ ರಜೆಯನ್ನೂ ಕೊಟ್ಟರು."

ಮನೆತನ ವಿಚಾರಿಸುವುದು

ನಮ್ಮಲ್ಲಿ ಸಂಬಂಧ ಕುದುರಿಸುವ ಮೊದಲು ಮನೆತನ ವಿಚಾರಿಸುವುದು ವಾಡಿಕೆ. ಅಮ್ಮನಿಗೆ ಆ ಅವಕಾಶ ಸಿಕ್ಕಿರಲಿಲ್ಲ. ಎಲ್ಲ ನಿಶ್ಚಯವಾದ ಮೇಲೆ ಟಿಕೆಟ್ಟು ಕಳಿಸಿದ್ದೆ. ಈಗ ಹೆಸರಿನ ನೆಪ ಸಿಕ್ಕಿತಲ್ಲ, ಬೀಗಿತ್ತಿಯ ಮನೆಗೆ ಹೊರಟೇಬಿಟ್ಟಳು. ನಾನು ದುಭಾಷಿ.

ಬೀಗಿತ್ತಿ ನಿವೃತ್ತ ಶಾಲಾ ಟೀಚರು. ಬಾದಾಮಿ ಬಿಸ್ಕತ್ತು ಇಟ್ಟು ನೆಟ್ಟಗೆ ಕೂತರು. ಅಮ್ಮ ಶುರು ಮಾಡಿದಳು.

"ಮುತ್ತಾತಂದು ಯಾವೂರು? ಜಮೀನೆಷ್ಟು? ಬಾವೀಲಿ ನೀರಿತ್ತಾ ಕೇಳು."

ಅವರು ಬೆರಳು ಮಡಚುತ್ತಾ ಹೇಳಿದರು: ಲಿವರ್ಮೋರಿನ ಆಚೆಗೊಂದು ಕಣಿವೆ. ಹುಲ್ಲು ಬೆಳೆದು ಮಾರುವ ರೈತ. ಈ ಮನೆಯ ಗಂಡಸರೆಲ್ಲ ನಿಧಾನಕ್ಕೆ ಮದುವೆಯಾದವರು, ಹಾಗಾಗಿ ಮೂರೇ ತಲೆಮಾರು ಹಿಂದೆ ಹೋದರೆ ಹತ್ತೊಂಬತ್ತನೇ ಶತಮಾನಕ್ಕೆ ಬಿದ್ದುಬಿಡುತ್ತೀರಿ. ಆ ರೈತನ ಮಗ, ಅಂದರೆ ಬೀಗಿತ್ತಿಯ ಮಾವ, ಚಿಕ್ಕವನಿದ್ದಾಗಲೇ ಅಪ್ಪನ ಮೇಲೆ ಮುನಿಸಿಕೊಂಡು ಮನೆ ಬಿಟ್ಟವನು. ಅಪ್ಪನ ಹೆಸರನ್ನು ಜನ್ಮದಲ್ಲಿ ಬಾಯಿಗೆ ತಂದಿಲ್ಲ. ಯಾರಾದರೂ ಕೇಳಿದರೆ, "ಹೋಗಿ ಹೇಸರಗತ್ತೆಯನ್ನು ಕೇಳು" ಎನ್ನುತ್ತಿದ್ದನಂತೆ.

"ನಮ್ಮ ಮಾವನವರೂ ಹಿಂಗೇ, ಮುಂಗೋಪಿ," ಎಂದು ಅಮ್ಮ ಸಮಾಧಾನ ಹೇಳಿ, ಕೊನೆಯ ಪ್ರಶ್ನೆಗೆ ಬಂದಳು. "ವಂಶದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತಾ, ಕೇಳು."

ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ, ವಂಶದಲ್ಲಿ ಎಲ್ಲರ ಮನಸ್ಸಿನ ಆರೋಗ್ಯ ಹೇಗೆ ಎಂದು ಕೇಳಿದೆ. ಬೀಗಿತ್ತಿ ಒಂದು ಚೂರೂ ಬೇಜಾರು ಮಾಡಿಕೊಳ್ಳದೆ, "ನಮ್ಮಲ್ಲಿ ಯಾರಿಗೂ ಇಲ್ಲ. ನಿಮ್ಮಲ್ಲಿ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ತಿರುಗಿ ನನ್ನನ್ನೇ ನೋಡುತ್ತಾ ಕೂತಳು.

ಎಂಜಲು

ಹಳೆಯ ಸರ್ಕಾರಿ ದಾಖಲೆ ಹುಡುಕಿಸಿದೆವು. ಅಲ್ಲಿ ಮನೆತನದ ಹೆಸರಿನ ಮುಂದೆ ಬರೀ ಒಂದು ಇಂಗ್ಲಿಷಿನ "ಇ" ಅಕ್ಷರ. ಪುರೋಹಿತರಿಗೆ ತಿಳಿಸಿದರೆ, "ಇನಿಷಿಯಲ್ಲು ಹೇಳಿ ಧಾರೆ ಎರೆಸೋಕೆ ಇದೇನು ಬ್ಯಾಂಕ್ ಅಕೌಂಟಾ ಮೇಡಂ?" ಎಂದರು.

ಉಳಿದಿದ್ದು ಡಿಎನ್‌ಎ ಪರೀಕ್ಷೆ. ಕೊಳವೆಯೊಂದಕ್ಕೆ ಉಗುಳಿ ಅಂಚೆಯಲ್ಲಿ ಕಳಿಸಿದರೆ ದೂರದ ನೆಂಟರ ಪಟ್ಟಿ ಬರುತ್ತದೆ. ಅವರಲ್ಲಿ ಒಬ್ಬರಿಗಾದರೂ ಹೆಸರು ಗೊತ್ತಿರಬಹುದೆಂಬ ಆಸೆ. ಹುಡುಗ ವಿನಯವಂತ, ಎಲ್ಲರ ಎದುರಿಗೆ, ನಮ್ಮ ಊಟದ ಟೇಬಲ್ಲಿನಲ್ಲೇ ಕೂತು ಕೊಳವೆ ತುಂಬಿಸಿದ.

ಅಮ್ಮ ಅಡುಗೆಮನೆಯಿಂದ ಬಂದವಳು ಅಲ್ಲೇ ನಿಂತಳು. "ಏನೇ ಅದು?"

ವಿವರಿಸಿದೆ.

"ಎಂಜಲಾ? ಅಂಚೇಲಾ? ಅದನ್ನ ತಗೊಳ್ಳೋರು ಸ್ನಾನ ಮಾಡಿ ಕೆಲಸಕ್ಕೆ ಬರ್ತಾರಾ, ಸ್ನಾನ ಮಾಡೋಕೆ ಮನೆಗೆ ಹೋಗ್ತಾರಾ?"

ಟೇಬಲ್ಲನ್ನು ಒಮ್ಮೆ ಒರೆಸಿದಳು, ಆಮೇಲೆ ಅರಿಶಿನದ ನೀರು ಹಾಕಿ ಇನ್ನೊಮ್ಮೆ. ಆ ಹಳದಿ ಕಲೆ ಇನ್ನೂ ಇದೆ. ಫಲಿತಾಂಶ ಬಂದಾಗ ದೂರದ ನೆಂಟರು ರಾಶಿ ರಾಶಿ ಸಿಕ್ಕರು. ಹೆಸರು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ನಾನು ಬರೆದಿದ್ದರಲ್ಲಿ ಮದುವೆಯ ಸುದ್ದಿ ಓದಿಕೊಂಡು, ಊಟ ಇರುತ್ತದೆಯೇ ಎಂದು ಮಾತ್ರ ಬಹಳ ಮಂದಿ ವಿಚಾರಿಸಿದರು.

ಅಮ್ಮ ಕೇಳಿ ತಲೆಯಾಡಿಸಿದಳು. "ಪರೀಕ್ಷೆ ಸರಿಯಾಗೇ ಇದೆ. ಇವರು ನೆಂಟರೇ."

ಎರಡನೇ ಕರೆಯೋಲೆ

ಇನ್ನುಳಿದದ್ದು ಸಮಾಧಿಯ ಕಲ್ಲೊಂದೇ, ಹಾಗಾಗಿ ರೈತ ತೋರಿಸಿದ ದಾರಿ ಹಿಡಿದು ಸ್ಮಶಾನಕ್ಕೆ ಬಂದೆವು. ಸುಟ್ಟುಹೋದ ಹುಲ್ಲು, ಓರೆಯಾದ ಕಲ್ಲುಗಳು, ಒಂದು ಓಕ್ ಮರ. ಮನೆತನದ ಹೆಸರಿರುವ ಕಲ್ಲು ಒಂದೇ ಒಂದು. ಅದರ ಮೊದಲ ಭಾಗವನ್ನು ಪಾಚಿ ತಿಂದಿತ್ತು. ನನಗಂತೂ ಪಾಚಿಯ ಕೆಳಗೆ "ಇ" ಇದೆ ಅನ್ನಿಸಿತು. ಐದು ದಿನ ಉಳಿದಿರುವಾಗ ಯಾವ ಪಾಚಿಯ ಕೆಳಗಾದರೂ ಇ ಕಾಣುತ್ತದೆ.

ಅಮ್ಮ ಚಪ್ಪಲಿ ಕಳಚಿದಳು. ಮದುವೆಗೆ ಮೊದಲ ಕರೆ ದೇವರಿಗೆ, ಎರಡನೆಯದು ಹಿರಿಯರಿಗೆ. ಕಲ್ಲಿಗೆ ಕುಂಕುಮ ಹಚ್ಚಿ, ಕರೆಯೋಲೆ ಇಟ್ಟು, ಮೇಲೆ ಅಕ್ಷತೆ ಹಾಕಿ, ಬಾಯ್ತುಂಬ ಕರೆದಳು: "ಶನಿವಾರ ಬೆಳಿಗ್ಗೆ ಮುಹೂರ್ತ. ಸಕುಟುಂಬ ಸಮೇತ ಬರಬೇಕು. ಸ್ಯಾನ್ ಹೊಸೆ, ದೊಡ್ಡ ಗ್ರೋಸರಿ ಅಂಗಡಿ ಹಿಂದುಗಡೆಯ ಮದುವೆ ಹಾಲ್. ಪಾರ್ಕಿಂಗು ಇದೆ."

ಅಷ್ಟರಲ್ಲಿ ಸ್ಮಶಾನ ನೋಡಿಕೊಳ್ಳುವ ಮಹಿಳೆ ನೀರಿನ ಕ್ಯಾನು ಹಿಡಿದು ಬಂದರು. ಕುಂಕುಮ ನೋಡಿ ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ. ನಾನು ವಿಷಯ ಹೇಳಿದೆ.

"ಅಯ್ಯೋ, ಇವರಲ್ಲ," ಎಂದರು. "ಇವರು ಅವರ ಅಣ್ಣ. ಮದುವೆಯೇ ಆಗಲಿಲ್ಲ. ನೀವು ಹುಡುಕುತ್ತಿರುವವರು ಊರು ಬಿಟ್ಟು ಹೋದರು, ಎಲ್ಲಿ ಹೂತರೋ ಯಾರಿಗೂ ಗೊತ್ತಿಲ್ಲ. ಹೆಸರು ಗೊತ್ತಿರುವುದು ಒಂದೇ ಮನೆಯಲ್ಲಿ. ದಾರಿಯಲ್ಲಿ ಬೇಲಿ ರಿಪೇರಿ ಮಾಡ್ತಿದ್ದಾನಲ್ಲ, ಅವನ ಮನೆ. ಆದರೆ ಅವನು ಹೇಳಲ್ಲ."

ಕರೆಯೋಲೆ ವಾಪಸ್ಸು ತೆಗೆದುಕೊಳ್ಳೋಣವೇ ಎಂದು ಅಮ್ಮನನ್ನು ಕೇಳಿದೆ.

"ಕರೆದ ಮೇಲೆ ಬೇಡ ಅನ್ನೋಕಾಗುತ್ತೇನೇ? ಪಾಪ, ಬ್ರಹ್ಮಚಾರಿ. ಬಂದು ಒಂದು ಹೊತ್ತು ಹೋಳಿಗೆ ತಿಂದು ಹೋಗಲಿ."

ಹೇಸರಗತ್ತೆ

ರೈತ ಇನ್ನೂ ಬೇಲಿಯ ಹತ್ತಿರವೇ ಇದ್ದ. ನಾವು ಬರುತ್ತೇವೆಂದು ಗೊತ್ತಿದ್ದವನ ಹಾಗೆ ಸುತ್ತಿಗೆ ಕೆಳಗಿಟ್ಟ.

"ನಿಮ್ಮವನು ನಮ್ಮ ಮುತ್ತಜ್ಜನ ಹೇಸರಗತ್ತೆ ಕಡ ತಗೊಂಡ," ಎಂದ, ಹೋದ ವಾರದ ಸುದ್ದಿ ಎಂಬಂತೆ. "ಹುಲ್ಲು ಕೊಯ್ಲಿನ ಸಮಯ. ಭಾನುವಾರದೊಳಗೆ ತಂದು ಕಟ್ಟುತ್ತೇನೆ ಅಂದ. ತಗೊಂಡು ಹೋಗಿ ಮಾರಿ, ಹಾಗೇ ಊರು ಬಿಟ್ಟ. ನಮ್ಮ ಹತ್ತಿರ ಇದ್ದದ್ದು ಅದೊಂದೇ. ಒಂದು ಕಣ್ಣು ಕುರುಡು, ಆದರೂ ಗಾಡಿ ಎಳೆಯುತ್ತಿತ್ತು. ಆ ವರ್ಷ ಗಾಡಿಯನ್ನು ನನ್ನ ಮುತ್ತಜ್ಜಿ ಎಳೆದಳು. ಹೇಸರಗತ್ತೆ ವಾಪಸ್ಸು ಬರುವ ತನಕ ಈ ಮನೆಯಲ್ಲಿ ಅವನ ಹೆಸರು ಯಾರೂ ಎತ್ತಬಾರದು ಅಂದಳು. ಯಾರೂ ಎತ್ತಿಲ್ಲ."

"ಆದರೆ ನಿಮಗೆ ಗೊತ್ತು?"

"ಪ್ರತಿ ಮಗುವಿಗೂ ಒಂದು ಸಲ ಕಿವಿಯಲ್ಲಿ ಹೇಳ್ತೀವಿ. ಇಲ್ಲದಿದ್ದರೆ ಯಾರ ಹೆಸರು ಹೇಳಬಾರದು ಅಂತ ಹೇಗೆ ಗೊತ್ತಾಗಬೇಕು?"

ಬೀಗಿತ್ತಿಯ ಮಾವ ಅಪ್ಪನ ಮೇಲೆ ಮುನಿಸಿಕೊಂಡು ಮನೆ ಬಿಟ್ಟಿದ್ದು ಯಾಕೆಂದು ಆಗ ನನಗೆ ಹೊಳೆಯಿತು. ಬೆಲೆ ಕಟ್ಟಿ ಕೊಡುತ್ತೇನೆ ಎಂದೆ. "ನಾವು ಅದನ್ನ ಮಾರಿರಲಿಲ್ಲ," ಎಂದ ಅವನು. ಮರ್ಯಾದಸ್ಥನ ಮಾತು.

ಅಮ್ಮನಿಗೆ ಎಲ್ಲ ವಿವರಿಸಿದೆ. ಅವಳ ಮುಖ ಗಂಭೀರವಾಯಿತು. "ಇದನ್ನ ತಲೆ ಮೇಲೆ ಇಟ್ಕೊಂಡು ಧಾರೆ ಎರೆಯೋಕಾಗುತ್ತಾ? ಸಂಬಂಧ ಬೆಳೆಸಿದ ಮೇಲೆ ಅವರ ಕತ್ತೆ ನಮ್ಮ ಕತ್ತೆ. ತೀರಿಸು."

ಸಿಗ್ನಲ್ಲು ಸಿಗುವ ತನಕ ಗುಡ್ಡ ಹತ್ತಿದೆ. ಮೊದಲು ಹೇಸರಗತ್ತೆಯ ಬೆಲೆ ನೋಡಿದೆ, ಕೂತುಕೊಂಡೆ. ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿ ಎರಡು ಬೆಕ್ಕಿಗಿಂತ ಹೆಚ್ಚು ಸಾಕುವಂತಿಲ್ಲ ಎಂಬುದೂ ನೆನಪಾಯಿತು. ಕೊನೆಗೆ ಪುರೋಹಿತರಿಗೆ ಫೋನು ಮಾಡಿದೆ.

"ಮ್ಯೂಟ್‌ನಲ್ಲಿದ್ದೀನಿ, ಬೇಗ ಹೇಳಿ."

ಹೇಳಿದೆ.

"ಇಷ್ಟೇನಾ ಮೇಡಂ? ಇಲ್ಲಿ ಗೋದಾನ ಮಾಡಿಸೋವಾಗ ಹಸು ತರ್ತೀವಾ? ಕಾಯಿ ಕೊಟ್ಟು ಇದೇ ಹಸು ಅಂತ ಸಂಕಲ್ಪ ಮಾಡ್ತೀವಿ. ಹಸುವಿಗೆ ನಡೆಯೋದು ಹೇಸರಗತ್ತೆಗೂ ನಡೆಯುತ್ತೆ. ಆದರೆ ತಗೊಳ್ಳೋರು ಮನಸ್ಸಿನಿಂದ ಒಪ್ಪಬೇಕು. ಅದು ಮಾತ್ರ ನನ್ನ ಕೈಲಿಲ್ಲ."

ಈಗಿನ ಕಾರುಗಳಲ್ಲಿ ಸ್ಪೇರು ಟೈರು ಇರುವುದಿಲ್ಲ. ಅಮ್ಮ ಹತ್ತಿದ ಕಾರಿನಲ್ಲಿ ಸ್ಪೇರು ತೆಂಗಿನಕಾಯಿ ಇದ್ದೇ ಇರುತ್ತದೆ. ಜುಟ್ಟು ಬಿಟ್ಟ ಒಳ್ಳೆಯ ಕಾಯಿ. ಅರಿಶಿನ ಹಚ್ಚಿ ನನ್ನ ಕೈಗೆ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ರೈತನಿಗೆ ಹೇಳಿದೆ: "ಇದು ಹೇಸರಗತ್ತೆ. ನಮ್ಮ ಪದ್ಧತಿಯಲ್ಲಿ ಹೀಗೆ ಕೊಟ್ಟರೆ ಅದನ್ನೇ ಕೊಟ್ಟ ಹಾಗೆ. ಭಾನುವಾರ ತರಬೇಕಿತ್ತು. ತಡವಾಯಿತು."

ಅವನು ಬಗ್ಗಿ ಕಾಯಿಯನ್ನು ನೋಡಿದ.

"ಎಳೆಯುತ್ತಾ?"

"ಇಲ್ಲ. ಆದರೆ ಒದೆಯೋದೂ ಇಲ್ಲ."

ತೆಗೆದುಕೊಂಡ. ಕೈಯಲ್ಲಿ ತೂಗಿ ನೋಡಿದ. ಟೋಪಿ ತೆಗೆದು, ಮನೆಯ ಕಿಟಕಿಯ ಕಡೆ ತಿರುಗಿದ, ಅಲ್ಲಿ ಮುತ್ತಜ್ಜಿ ನಿಂತಿದ್ದಾಳೋ ಎಂಬಂತೆ. ಆಮೇಲೆ ತುಕ್ಕು ಹಿಡಿದ ಗೇಟು ತೆಗೆದ ಹಾಗೆ ಬಾಯಿ ತೆರೆದ.

"ಎಲೈಜಾ."

ನಾನು ಅಂಗೈ ಮೇಲೆ ಬರೆದುಕೊಂಡೆ. ಅಮ್ಮ ಅಲ್ಲೇ, ಧಾರೆಯಲ್ಲಿ ಹೇಳುವ ಹಾಗೆ ಕೊನೆಗೆ ಶರ್ಮ ಸೇರಿಸಿ, ಒಂದು ಸಲ ಅಭ್ಯಾಸ ಮಾಡಿದಳು: "ಎಲೈಜಾ ಶರ್ಮ. ಕಿವಿಗೆ ಚೆನ್ನಾಗೇ ಇದೆ."

ಹುಡುಗನಿಗೆ ಹೇಳುವ ಅವಸರದಲ್ಲಿ ಕಾರು ತಿರುಗಿಸುತ್ತಿದ್ದೆ. ಅಷ್ಟರಲ್ಲಿ ರೈತ ಕೈಯೆತ್ತಿ ಓಡಿ ಬಂದು ಕಿಟಕಿ ಬಡಿದ. ಮನಸ್ಸು ಬದಲಾಯಿಸಿದನೇ? ಹೆಸರು ವಾಪಸ್ಸು ಕೇಳುತ್ತಾನೆಯೇ? ಹೆಸರು ಬರೆದ ಅಂಗೈಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಗಾಜು ಇಳಿಸಿದೆ.

ಅವನು ಕಾಯಿಯ ಜುಟ್ಟು ಸರಿಸಿ ನನ್ನ ಮುಖಕ್ಕೆ ಹಿಡಿದ.

"ಇದಕ್ಕೆ ಮೂರು ಕಣ್ಣಿದೆ."

"ಹೌದು," ಎಂದೆ.

"ನಮ್ಮದಕ್ಕೆ ಕಾಣುವ ಕಣ್ಣು ಒಂದೇ ಇತ್ತು." ಸ್ವಲ್ಪ ಯೋಚಿಸಿ, ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮೊದಲ ಸಲ ಹಲ್ಲು ಬಿಟ್ಟ. "ಉಳಿದೆರಡನ್ನು ಬಡ್ಡಿಗೆ ಹಿಡಿದುಕೊಳ್ತೀನಿ."