ಬೇಕರಿಯವನ ಕೈಗುಣ

ಎಲ್ಲಕ್ಕೂ ಕಾರಣ ಒಂದು ಸೊಂಟ. ಬೇಕರಿಯವನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಮೂರು ದಿನದಿಂದ ಆ ಸೊಂಟ ಅವಳನ್ನು ಕೂರಲು ಬಿಡದೆ, ಮಲಗಲೂ ಬಿಡದೆ ಕಾಡುತ್ತಿತ್ತು. ವಾರಕ್ಕೊಂದೇ ರಜೆಯ ಆ ಬೆಳಿಗ್ಗೆ ಅವನು ಚಹಾದ ಲೋಟ ಹಿಡಿದು ಬಂದರೆ, ಅವಳು ಮಂಚದ ಅಂಚಿಗೆ ಕೂತು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು.

“ಅಕ್ಕ ಇವತ್ತು ಕೆಲಸದ ಮೇಲೆ ಈ ಕಡೆ ಬಂದಿದ್ದಾಳೆ ರೀ. ನಾಲ್ಕು ಗಂಟೆಗೆ ವಾಪಸ್ ಹೋಗೋವಾಗ ಕಾರಲ್ಲಿ ಕರ್ಕೊಂಡು ಹೋಗ್ತಾಳಂತೆ. ಹೆರಿಗೆ ಆಗೋವರೆಗೂ ಅಲ್ಲೇ ಇರೋಣ ಅಂತಿದ್ದೀನಿ.”

“ಯಾಕೆ, ಇಲ್ಲೇನಾಗಿದೆ?”

“ಇಲ್ಲೇನಾಗಬೇಕು,” ಎಂದವಳು ಏಳಲು ಹೋಗಿ, ಸೊಂಟ ಹಿಡಿದುಕೊಂಡು ನರಳಿದಳು.

ಆ ನರಳಿಕೆಯನ್ನೇ ಅವನು ಉತ್ತರವೆಂದು ತಿಳಿದುಕೊಂಡ. ದಿನಾ ಬೆಳಕು ಹರಿಯುವ ಮುಂಚೆ ಒಲೆಯ ಮುಂದೆ ನಿಲ್ಲುವ ಅವನಿಗೆ ಇದ್ದದ್ದು ಒಂದೇ ಸುಖ: ಮಧ್ಯಾಹ್ನ ಮನೆಗೆ ಬಂದು, ಮಗು ಒದೆಯುವ ಹೊತ್ತಿಗೆ ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುವುದು. ಎರಡು ತಿಂಗಳು ಅದಿಲ್ಲದೆ ಇರುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. ಆದರೆ ಅಳುತ್ತ ಕೂರುವ ಆಸಾಮಿ ಅವನಲ್ಲ. ಸೊಂಟ ನೋವು ಹೋದರೆ ಬ್ಯಾಗೂ ಖಾಲಿಯಾಗುತ್ತದೆ, ಅಷ್ಟೇ ತಾನೇ? ದಿನಕ್ಕೆ ಅರವತ್ತು ಕಿಲೋ ಹಿಟ್ಟು ನಾದುವ ಕೈ ಇದು. ಒಂದು ಸೊಂಟ ಯಾವ ಲೆಕ್ಕ? ಅವನು ಅಂಗಿಯ ತೋಳು ಮಡಚಿದ.

ಅಷ್ಟರಲ್ಲಿ ಮೇಲಿನ ಮಹಡಿಯ ರೇಡಿಯೋ ಚಿಕ್ಕಮ್ಮ ಒಳಗೆ ಬಂದರು. ಕಟ್ಟಡದ ಸುದ್ದಿಯನ್ನೆಲ್ಲ ಬಿತ್ತರಿಸುವ ಹೊಣೆ ಅವರದು, ಹಾಗಾಗಿ ಆ ಹೆಸರು.

“ಏನಪ್ಪಾ, ಬಸುರಿ ಮೈ ತಿಕ್ಕೋಕೆ ಹೊರಟಿದ್ದೀಯಾ? ಮಗು ತಿರುಗಿ ಕೂತುಬಿಡುತ್ತೆ ನೋಡು.”

“ತಿರುಗೋಕೆ ಅದೇನು ಫ್ಯಾನೇ?” ಎನ್ನುತ್ತ ಕೆಳಗಿನ ಮನೆಯ ಸೀಟಿ ಮೇಷ್ಟ್ರು ಬಾಗಿಲಲ್ಲಿ ನಿಂತರು. ಮೂವತ್ತು ವರ್ಷ ಡ್ರಿಲ್ ಮಾಡಿಸಿ ನಿವೃತ್ತರಾದವರು. ಕೊರಳಿನ ಸೀಟಿಗೆ ಮಾತ್ರ ಇನ್ನೂ ನಿವೃತ್ತಿ ಆಗಿರಲಿಲ್ಲ. “ಮೀನಖಂಡ ಹಿಡಿದು ಗಟ್ಟಿಯಾಗಿ ಹಿಂಡಯ್ಯ. ನೋವು ಓಡಿಹೋಗದಿದ್ರೆ ಕೇಳು.”

ಒಬ್ಬರು ಮುಟ್ಟಲೇಬೇಡ ಅಂದರು, ಇನ್ನೊಬ್ಬರು ಹಿಂಡು ಅಂದರು. ತಿಳಿದವರನ್ನೇ ಕೇಳಿಬಿಡುತ್ತೇನೆಂದು ಬೇಕರಿಯವನು ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟ.

ಅಲ್ಲಿಯ ನರ್ಸಮ್ಮ ಕಡತ ತೆಗೆದು ನೋಡಿದರು. “ಹೋದ ವಾರವಷ್ಟೇ ಪರೀಕ್ಷೆ ಆಗಿದೆ. ರಕ್ತದೊತ್ತಡ ಸರಿಯಾಗಿದೆ, ಬೇರೆ ತೊಂದರೆ ಏನೂ ಇಲ್ಲ. ಡಾಕ್ಟರೂ ಎಲ್ಲ ಸರಿಯಿದೆ ಅಂತಲೇ ಬರೆದಿದ್ದಾರೆ. ಹಗುರವಾಗಿ ಮಸಾಜ್ ಮಾಡಿದರೆ ಒಳ್ಳೇದೇ. ಸೊಂಟಕ್ಕೆ ಆರಾಮ, ನಿದ್ದೆನೂ ಬರುತ್ತೆ. ಮಗು ತಿರುಗೋದೆಲ್ಲ ಕಟ್ಟುಕತೆ. ಎಲ್ಲಿ, ಈ ದಿಂಬಿನ ಮೇಲೆ ಮಾಡಿ ತೋರಿಸಿ.”

ಬೇಕರಿಯವನು ವಿಶ್ವಾಸದಿಂದ ಎರಡೂ ಮುಷ್ಟಿ ಊರಿ ದಿಂಬನ್ನು ನಾದಿದ. ನಾಲ್ಕನೆಯ ಮಡಿಕೆಗೆ ಹೊಲಿಗೆ ಬಿಚ್ಚಿ, ಹತ್ತಿ ಹೊರಗೆ ಬಂದು ನರ್ಸಮ್ಮನ ಮೇಜಿನ ಮೇಲೆ ಕೂತಿತು.

“ಅಲ್ರೀ, ಅದು ಹಿಟ್ಟಲ್ಲ, ನಿಮ್ಮ ಹೆಂಡತಿ,” ಎಂದು ನರ್ಸಮ್ಮ ಹತ್ತಿ ಒಟ್ಟುಗೂಡಿಸಿದರು. “ಪಕ್ಕಕ್ಕೆ ಮಲಗಿಸಿ. ಮಂಡಿ ನಡುವೆ ಒಂದು ದಿಂಬು, ಹೊಟ್ಟೆ ಕೆಳಗೆ ಒಂದು. ಬೆನ್ನುಮೂಳೆ ಬಿಟ್ಟು ಅದರ ಎರಡೂ ಪಕ್ಕ ಅಂಗೈ ಜಾರಿಸಿ, ಒತ್ತಬೇಡಿ. ಹೊಟ್ಟೆಗಂತೂ ಭಾರ ಹಾಕಲೇಬಾರದು. ಮೀನಖಂಡ ಹಿಂಡೋದು ಬೇಡ, ಬಸುರಿಯರ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಸಂಭವ ಜಾಸ್ತಿ. ಒಂದೇ ಕಾಲು ಊದಿಕೊಂಡ್ರೆ, ರಕ್ತ ಕಂಡ್ರೆ, ಜ್ವರ ಬಂದ್ರೆ, ಮಸಾಜ್ ಗಿಸಾಜ್ ಬಿಟ್ಟು ಸೀದಾ ಇಲ್ಲಿಗೆ ಕರ್ಕೊಂಡು ಬನ್ನಿ. ಮತ್ತೆ ಈ ಕೈ ಇಟ್ಕೊಂಡು ನೇರ ಅವರ ಹತ್ರ ಹೋಗಬೇಡಿ. ಮೊದಲು ಬೇರೆ ಯಾರ ಮೇಲಾದ್ರೂ ಕಲೀರಿ.”

ಈ ಕೊನೆಯ ಮಾತೇ ಅವನನ್ನು ಪೇಚಿಗೆ ಸಿಕ್ಕಿಸಿತು. ಇಡೀ ಕಟ್ಟಡದಲ್ಲಿ ಏಳು ತಿಂಗಳ ಹೊಟ್ಟೆಗೆ ಸಮನಾದ ಹೊಟ್ಟೆ ಇದ್ದದ್ದು ಸೀಟಿ ಮೇಷ್ಟ್ರೊಬ್ಬರಿಗೇ.

ಮೇಷ್ಟ್ರು ಮೊದಲು ಬಿಗುಮಾನ ತೋರಿಸಿದರು. ಆಮೇಲೆ ತಮ್ಮ ಹಜಾರದ ಬೆಂಚಿನ ಮೇಲೆ ಪಕ್ಕಕ್ಕೆ ಮಲಗಿ, ಹೊಟ್ಟೆಗೊಂದು ದಿಂಬು, ಮಂಡಿಗೊಂದು ದಿಂಬು ಇಡಿಸಿಕೊಂಡರು. ಬೇಕರಿಯವನು ಪಾಠ ತಪ್ಪದ ವಿದ್ಯಾರ್ಥಿಯಂತೆ, “ಹೆದರಬೇಡಿ, ಹೊಟ್ಟೆ ಒತ್ತಲ್ಲ. ಮಗುಗೆ ಏನೂ ಆಗಲ್ಲ,” ಎನ್ನುತ್ತ ಅಂಗೈ ಜಾರಿಸಿದ. ಐದು ನಿಮಿಷಕ್ಕೆ ಮೇಷ್ಟ್ರ ಗೊರಕೆ ಓಣಿಯ ತುದಿಗೂ ಕೇಳಿಸಿತು.

ಏನದು ಸದ್ದೆಂದು ಇಣುಕಿದವರು ಚಿಕ್ಕಮ್ಮ. ಇಣುಕಿದ ಮೇಲೆ ಕೇಳಬೇಕೇ? ಕಾಲು ಗಂಟೆಯೊಳಗೆ ಹಜಾರದಲ್ಲಿ ಸಾಲು ಬೆಳೆಯಿತು. ಇಸ್ತ್ರಿಯವನು ಮೊಣಕೈ ಹಿಡಿದು ಬಂದ. ದರ್ಜಿ ಕತ್ತು ವಾಲಿಸಿಕೊಂಡು ಬಂದ. ಎಲ್ಲರಿಗಿಂತ ಮುಂದೆ ತಮ್ಮ ಎಡ ಮಂಡಿಯೊಂದಿಗೆ ಚಿಕ್ಕಮ್ಮ ನಿಂತಿದ್ದರು.

“ಚಿಕ್ಕಮ್ಮ, ಮೈ ಮುಟ್ಟಬಾರದು ಅಂದೋರು ನೀವೇ ಅಲ್ವಾ?”

“ನಾನೇನು ಬಸುರಿಯೇನಪ್ಪಾ?”

ಎದ್ದ ಮೇಷ್ಟ್ರು ಸೀಟಿ ಊದಿ ಸಾಲನ್ನು ನೇರ ಮಾಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಡಿಯಾರ ಹನ್ನೆರಡಾಯಿತು, ಒಂದಾಯಿತು. ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಹೆಂಡತಿ ಒಬ್ಬಳೇ ಇರುವಾಗ ಬಂದು ನೋಡಿಕೊಳ್ಳುವವರು ಇವರೇ ತಾನೇ. ಅದೂ ಅಲ್ಲದೆ ಒಂದೊಂದು ಮೈಗೂ ಅವನ ಕೈ ಮೆತ್ತಗಾಗುತ್ತ ಹೋಯಿತು. ದರ್ಜಿಯ ಕತ್ತು ನೆಟ್ಟಗಾದಾಗ ಎರಡು ಗಂಟೆ. ಅವನು ಉಳಿದವರಿಗೆ ಕೈಮುಗಿದು ಮೆಟ್ಟಿಲು ಹತ್ತಿದ.

ಹೆಂಡತಿ ಗೋಡೆಗೊರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಊರವರ ಮಂಡಿ ಉಜ್ಜುತ್ತ ಇವಳನ್ನು ಇಷ್ಟು ಹೊತ್ತು ನೋವಿನಲ್ಲಿ ಬಿಟ್ಟೆನಲ್ಲ ಎನಿಸಿತು.

“ಪಕ್ಕಕ್ಕೆ ಮಲಗು. ನರ್ಸಮ್ಮನ್ನ ಕೇಳ್ಕೊಂಡು ಬಂದಿದ್ದೀನಿ. ಸ್ವಲ್ಪ ನೋವಾದ್ರೂ ಹೇಳು, ಅಲ್ಲೇ ನಿಲ್ಲಿಸ್ತೀನಿ.”

ಅವನು ಕೈ ಬೆಚ್ಚಗೆ ಮಾಡಿಕೊಂಡು, ಒಂದಿಷ್ಟು ಎಣ್ಣೆ ಸವರಿ, ಮೊದಲ ಸಲ ಮಗುವನ್ನು ಎತ್ತಿಕೊಳ್ಳುವವನ ಹಾಗೆ ಅವಳ ಸೊಂಟ ಮುಟ್ಟಿದ. ಬಾಗಿಲಲ್ಲಿ ಮೇಷ್ಟ್ರು, ಚಿಕ್ಕಮ್ಮ ತೀರ್ಪುಗಾರರಂತೆ ನಿಂತರು. “ಮೀನಖಂಡ,” ಎಂದು ಮೇಷ್ಟ್ರು ಪಿಸುಗುಟ್ಟಿದರು. ಬೇಕರಿಯವನು ತಿರುಗಿ ನೋಡಿದ ನೋಟಕ್ಕೆ ಮೇಷ್ಟ್ರು ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಿಂದಕ್ಕೆ ಹೆಜ್ಜೆ ಹಾಕಿದರು.

ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಸಡಿಲವಾಯಿತು. ಉಸಿರು ನಿಧಾನವಾಯಿತು. ಮೂರು ದಿನದಿಂದ ಕಣ್ಣು ಮುಚ್ಚದವಳು ನಿದ್ದೆ ಹೋದಳು.

ಅವನು ಅಲ್ಲಾಡದೆ ಕೂತ. ಗಡಿಯಾರದಲ್ಲಿ ನಾಲ್ಕಾಯಿತು. ಕಾರು ಬರಲಿಲ್ಲ. ನಾಲ್ಕೂಕಾಲಾಯಿತು. ಆಗಲೂ ಬರಲಿಲ್ಲ. ಬಂದು ಬಾಗಿಲು ತಟ್ಟಿದರೂ ಮಲಗಿದವಳನ್ನು ಎಬ್ಬಿಸುವವರು ಯಾರು? ಅವನು ತುದಿಗಾಲಲ್ಲಿ ಎದ್ದು, ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಡತೊಡಗಿದ. ಬಾಗಿಲಲ್ಲಿದ್ದ ಇಬ್ಬರಿಗೂ ಹೆಬ್ಬೆರಳು ತೋರಿಸಿದ. ಮೇಷ್ಟ್ರು ಸದ್ದಿಲ್ಲದೆ ಸಲಾಮು ಹೊಡೆದರು.

ನಾಲ್ಕೂವರೆಗೆ ಅವಳು ಕಣ್ಣುಬಿಟ್ಟಳು. ಎದ್ದು ಕೂತಳು. ನಿಂತಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೊಂಟ ತಿರುಗಿಸಿ ನೋಡಿದಳು. ಮುಖ ಅರಳಿತು.

“ನೋವೇ ಇಲ್ಲ ರೀ. ಎಂಥಾ ಕೈ ನಿಮ್ಮದು.”

“ಇನ್ನು ದಿನಾ ಮಾಡ್ತೀನಿ,” ಎಂದು ಅವನು ಬೀಗಿದ.

ಅವಳು ಫೋನು ಕೈಗೆತ್ತಿಕೊಂಡಳು. “ಅಕ್ಕಾ, ಹೊರಟುಬಿಟ್ಯಾ? ಇಲ್ವಾ? ಸದ್ಯ. ಹಾಗಾದ್ರೆ ಇಲ್ಲಿಗೆ ಬಂದುಬಿಡು, ನಾನೂ ಬರ್ತೀನಿ.”

ಬೇಕರಿಯವನ ಕೈಯಲ್ಲಿ ಕೊನೆಯ ಸೀರೆ ಹಾಗೇ ನಿಂತಿತು. “ಎಲ್ಲಿಗೆ?”

“ಅಕ್ಕನ ಮನೆಗೆ. ಬೆಳಿಗ್ಗೆನೇ ಹೇಳಿದ್ನಲ್ಲ. ಎರಡು ಗಂಟೆ ಕಾರಲ್ಲಿ ಕೂರೋಕೆ ಈ ಸೊಂಟ ಬಿಡಲ್ಲ ಅಂತ, ನೀವು ಆಸ್ಪತ್ರೆಗೆ ಹೋದಾಗ ಅಕ್ಕನಿಗೆ ಫೋನ್ ಮಾಡಿ ಬರಬೇಡ, ಇಲ್ಲೇ ಇದ್ದುಬಿಡ್ತೀನಿ ಅಂದುಬಿಟ್ಟಿದ್ದೆ.” ಅವಳು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ನಿಮ್ಮ ಪುಣ್ಯ ರೀ. ನೀವು ಇಷ್ಟು ಮಾಡದಿದ್ರೆ ನಾನು ಹೊರಡೋಕೇ ಆಗ್ತಿರಲಿಲ್ಲ.”

ಕೆಳಗೆ ಕಾರಿನ ಹಾರನ್ ಕೇಳಿಸುವ ಹೊತ್ತಿಗೆ ಬೇಕರಿಯವನು ಸೀರೆಗಳನ್ನೆಲ್ಲ ಮತ್ತೆ ಬ್ಯಾಗಿಗೆ ತುಂಬಿ ಮುಗಿಸಿದ್ದ.