ರಾಣಿಗೆ ಎಪ್ಪತ್ತಕ್ಕೆ ಎಷ್ಟು?

ಹೆಮ್ಮೆಪಡಲು ಮನುಷ್ಯನಿಗೆ ಏನಾದರೊಂದು ಇರಲೇಬೇಕು. ಕೆಲವರಿಗೆ ಹಾಡುವ ಕಂಠವಿರುತ್ತದೆ, ಕೆಲವರಿಗೆ ಪೇಟೆಯ ನಡುವೆ ಸ್ವಂತ ಮನೆಯಿರುತ್ತದೆ, ಏನೂ ಇಲ್ಲದವರಿಗೆ ತಲೆತುಂಬ ಕೂದಲಾದರೂ ಇರುತ್ತದೆ. ಈ ಮೂರೂ ಇಲ್ಲದ ನನ್ನ ಬಳಿ ಇರುವುದು ಒಂದು ಬೆಳ್ಳಿ ರೂಪಾಯಿ. ಪುಣೆಯ ನಿಗಡಿಯಲ್ಲಿರುವ ನಮ್ಮ ಪುಟ್ಟ ಫ್ಲ್ಯಾಟಿಗೆ ಯಾರೇ ಬರಲಿ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೇ ಆಗಲಿ, ಅದನ್ನು ನೋಡದೆ ಹೋದದ್ದಿಲ್ಲ. ಪಾಪ, ಅವನು ಸಿಲಿಂಡರ್ ಇಳಿಸಿ ಬೆವರು ಒರೆಸಿಕೊಳ್ಳುತ್ತಿರುವಾಗಲೇ ನಾನು ದೇವರ ಪೆಟ್ಟಿಗೆ ತೆರೆದಿರುತ್ತೇನೆ.

ಅದು ಬ್ರಿಟಿಷರ ಕಾಲದ, ರಾಣಿ ಛಾಪಿನ ರೂಪಾಯಿ. ನನ್ನ ಅಜ್ಜಿ ಗದಗಿನಿಂದ ಮದುವೆಯಾಗಿ ಪುಣೆಗೆ ಹೊರಟಾಗ ಅವಳ ತಾಯಿ ಸೆರಗಿನ ಅಂಚಿಗೆ ಕಟ್ಟಿ ಕಳಿಸಿದ್ದಂತೆ. ಅಜ್ಜ ಇಲ್ಲಿ ಇಳಕಲ್ ಸೀರೆ ಮಾರುತ್ತಿದ್ದರು. ವ್ಯಾಪಾರ ಏರಿತು, ಇಳಿಯಿತು, ಕೊನೆಗೆ ಅಂಗಡಿಯೇ ಹೋಯಿತು. ಅಜ್ಜಿ ಮಾತ್ರ ಆ ರೂಪಾಯಿಯ ಗಂಟು ಬಿಚ್ಚಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹುಟ್ಟಿದ ಪ್ರತಿ ಕೂಸಿಗೂ ಅನ್ನಪ್ರಾಶನದ ದಿನ ಮೊದಲ ಪಾಯಸವನ್ನು ಈ ರೂಪಾಯಿಯ ಅಂಚಿಗೆ ಹಚ್ಚಿ ತಿನ್ನಿಸಬೇಕು. ಅಪ್ಪ ತಿಂದದ್ದು ಹಾಗೆಯೇ, ನಾನು ತಿಂದದ್ದು ಹಾಗೆಯೇ, ನನ್ನ ಮಗಳು ತಿಂದದ್ದೂ ಹಾಗೆಯೇ. ಕೆಲಸ ಮುಗಿದ ಮೇಲೆ ಹೆಂಗಸರು ನೀರಲ್ಲಿ ಅದ್ದಿ, ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಒತ್ತಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಹೀಗೆ ಇದ್ದೂ ಇದ್ದೂ ರಾಣಿಯ ಮುಖಕ್ಕೆ ನೀಲಿಗಪ್ಪು ಬಣ್ಣ ಹತ್ತಿತ್ತು. ಅದನ್ನು ಕೊಳೆ ಎಂದು ತಿಳಿದದ್ದು ಮನೆಯಲ್ಲಿ ನಾನೊಬ್ಬನೇ.

ಎಲ್ಲ ಸುಖವಾಗಿಯೇ ಇತ್ತು, ಎದುರು ಮನೆಗೆ ದೇಶಪಾಂಡೆ ಕಾಕಾ ಬರುವ ತನಕ. ಅವರಿಗೆ ನಾಣ್ಯ ಕೂಡಿಸುವ ಹುಚ್ಚು. ಮೊದಲ ದಿನವೇ ನಾನು ಎಂದಿನಂತೆ ರೇಷ್ಮೆ ಬಟ್ಟೆ ಬಿಚ್ಚಿ ತೋರಿಸಲು ಹೊರಟರೆ, ಅವರು ಅದಕ್ಕೂ ಮೊದಲೇ ತಮ್ಮ ಶೋಕೇಸಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಮುಂದಿಟ್ಟರು. ಒಳಗೆ ನಮ್ಮ ರಾಣಿಯದೇ ತಂಗಿಯಂಥ ರಾಣಿ. ಮೇಲೆ ಒಂದು ಚೀಟಿ, ಚೀಟಿಯಲ್ಲಿ ಅಂಕ: ಅರವತ್ತೆರಡು. ನಾಣ್ಯವನ್ನು ಪರಿಣತರಿಗೆ ಕಳಿಸಿದರೆ ಅವರು ಭೂತಗನ್ನಡಿ ಹಿಡಿದು ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಮತ್ತೆಂದೂ ತೆರೆಯದಂತೆ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರಂತೆ. ಕಾಕಾ ಮರಾಠಿಯಲ್ಲಿ ಬಲು ಮೃದುವಾಗಿ ಕೇಳಿದರು, "ನಿಮ್ಮದಕ್ಕೆ ಎಷ್ಟು ಬಿದ್ದಿದೆ?" ಮಗ ಶಾಲೆಗೇ ಹೋಗಿಲ್ಲ ಎಂದು ಹೇಳುವ ತಂದೆಯ ಹಾಗೆ ನಾನು ನೆಲ ನೋಡಿದೆ.

ನನ್ನ ಸಂಕಟ ನಿಮಗೆ ಅರ್ಥವಾಗಬೇಕಾದರೆ ನನ್ನ ನೌಕರಿಯನ್ನೂ ಹೇಳಬೇಕು. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು ನೋಡಿ, ಪಾಸು ಅಥವಾ ನಪಾಸು ಎಂದು ಚೀಟಿ ಅಂಟಿಸುವುದೇ ನನ್ನ ಕೆಲಸ. ಕೂದಲೆಳೆಯಷ್ಟು ಗೀರು ಕಂಡರೂ ಕೆಂಪು ಚೀಟಿ. "ಗೀರು ಅಂದರೆ ಗೀರು, ದೇವರೇ ಹಾಕಿದ್ದರೂ ಗೀರೇ" ಎನ್ನುವುದು ನನ್ನ ಪ್ರಸಿದ್ಧ ವಾಕ್ಯ; ಶಾಪ್ ಫ್ಲೋರಿನವರು ನನ್ನ ಬೆನ್ನ ಹಿಂದೆ ಅದನ್ನು ನನ್ನದೇ ದನಿಯಲ್ಲಿ ಹೇಳುತ್ತಾರೆಂದೂ ಗೊತ್ತು. ಇಂಥವನ ಮನೆಯಲ್ಲಿ ಚೀಟಿಯಿಲ್ಲದ ರಾಣಿ ಇರುವುದೆಂದರೇನು? ಕಳಿಸಿಯೇಬಿಡುವುದೆಂದು ನಿರ್ಧರಿಸಿದೆ.

ಹೆಂಡತಿ ಶಾರದಾಗೆ ಹೇಳಿದಾಗ ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮುಂದಿನ ತಿಂಗಳ ಮಮ್ಮಗಳ ಅನ್ನಪ್ರಾಶನ ಅದ. ನೆನಪದ ಏನ್ರಿ?"

"ಅದ. ಅದಕ್ಕೇನೀಗ?"

"ಏನಿಲ್ಲ. ಕೂಸಿಗೆ ಡಬ್ಬಿಲೆ ಪಾಯಸ ತಿನ್ನಸ್ತೀರೇನು ಅಂತ ಕೇಳಿದೆ."

ಉತ್ತರವಿಲ್ಲದಾಗ ದನಿ ಏರಿಸುವುದು ನಮ್ಮ ಮನೆತನದ ಇನ್ನೊಂದು ಪದ್ಧತಿ. ಬೆಳ್ಳಿ ಚಮಚ ತಂದರಾಯಿತು, ಜಗತ್ತೆಲ್ಲ ಚಮಚದಲ್ಲೇ ತಿನ್ನುತ್ತದೆ, ರಾಣಿಗೂ ಒಂದು ಮರ್ಯಾದೆ ಬೇಡವೇ ಎಂದೆಲ್ಲ ಕೂಗಾಡಿದೆ. ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಕೂಸಿನ ತಾಯಿ, ನಮ್ಮ ಮಗಳು, ಆಕುರ್ಡಿಯಿಂದ ಫೋನ್ ಮಾಡಿ, "ಅಪ್ಪಾ, ನಾ ತಿಂದಿದ್ದು ಅದರಾಗೇ ಅಲ್ಲೇನು?" ಎಂದಷ್ಟೇ ಕೇಳಿದಳು. ಅದರಲ್ಲೇ ತಿಂದದ್ದು ನಿಜ. ಆದರೆ ಕಣ್ಣ ಮುಂದೆ ಅರವತ್ತೆರಡು ಕುಣಿಯುತ್ತಿತ್ತು.

ಮರುದಿನ ಶಾರದಾ ತರಕಾರಿ ತರಲು ಬಾಜಿ ಮಂಡಿಗೆ ಹೋದ ಹೊತ್ತು ನೋಡಿ ರಾಣಿಯನ್ನು ಹೊರಗೆ ತೆಗೆದೆ. ಮೊದಲು ಕಾಕಾಗೆ ತೋರಿಸಿ, ಆಮೇಲೆ ಅವರ ಮೂಲಕವೇ ಕಳಿಸುವ ಯೋಚನೆ. ಪರೀಕ್ಷೆಗೆ ಹೋಗುವ ಮಗುವಿಗೆ ಸ್ನಾನ ಮಾಡಿಸದೆ ಕಳಿಸುತ್ತಾರೆಯೇ? ಹುಣಸೆಹಣ್ಣು ಕಿವುಚಿದೆ, ಹಲ್ಲುಪುಡಿ ಸುರಿದೆ, ಪಾತ್ರೆ ತಿಕ್ಕುವ ನಾರು ಹಿಡಿದು ಕೂತೆ. ನೀಲಿಗಪ್ಪೆಲ್ಲ ಹರಿದುಹೋಗಿ ರಾಣಿ ಫಳಫಳ ಹೊಳೆಯತೊಡಗಿದಳು. ಇಷ್ಟು ಚೆಲುವೆಯನ್ನು ಮೂರು ತಲೆಮಾರಿನ ಹೆಂಗಸರು ಕತ್ತಲಲ್ಲಿ ಇಟ್ಟಿದ್ದರಲ್ಲ ಎಂದು ಮರುಗಿದೆ. ಅಂಗಿಯ ಜೇಬಿನಲ್ಲಿ ಅವಳನ್ನು ಇಟ್ಟುಕೊಂಡು ಎದುರು ಮನೆಗೆ ದಾಟುವಾಗ, ಕನಿಷ್ಠ ಅರವತ್ತೈದಾದರೂ ಬೀಳಲಿ ಎಂದು ಜೇಜುರಿಯ ಖಂಡೋಬಾನಿಗೆ ಹರಕೆಯನ್ನೂ ಹೊತ್ತೆ.

ಕಾಕಾ ಭೂತಗನ್ನಡಿ ಹಿಡಿದು ನೋಡಿದರು. ಕಿಟಕಿಯ ಬಳಿ ಹೋಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅರೇರೇ! ಹೇ ಕಾಯ್ ಕೇಲಂತ್ ತುಮ್ಹೀ?" ಇದೇನು ಮಾಡಿಬಿಟ್ಟಿರಿ ಎಂದು ಕೇಳಿದ ಅವರ ದನಿಯಲ್ಲಿ ಸಾವಿನ ಮನೆಗೆ ಬಂದವರ ಮರುಕವಿತ್ತು. ನಾನು ತಿಕ್ಕಿ ತೆಗೆದ ಕಪ್ಪಿಗೇ ಪರಿಣತರು ಅಂಕ ಕೊಡುವುದಂತೆ. ತಿಕ್ಕಿದ ನಾಣ್ಯಕ್ಕೆ ಅಂಕವೇ ಇಲ್ಲವಂತೆ. 'ತಿಕ್ಕಿದ್ದು' ಎಂದು ಬರೆದು ವಾಪಸು ಕಳಿಸುತ್ತಾರಂತೆ. ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳು, ಒಂದಲ್ಲ, ನೂರಾರು. ಗೀರು ಅಂದರೆ ಗೀರು. ಕಾರ್ಖಾನೆಯಲ್ಲಾಗಿದ್ದರೆ ನಾನೇ ಕೆಂಪು ಚೀಟಿ ಹಚ್ಚುತ್ತಿದ್ದೆ.

ಮನೆಗೆ ಬಂದು ದೊಡ್ಡ ಮನಸ್ಸಿನವನ ಗತ್ತಿನಲ್ಲಿ, "ನಿನ್ನ ಮಾತು ಮೀರಬಾರದಂತ ಕಳಸೂದು ಬಿಟ್ಟೆ, ಶಾರದಾ" ಎಂದೆ. ಅವಳು ರೂಪಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. ಹುಣಸೆಹಣ್ಣಿನ ಡಬ್ಬಿಯ ಕಡೆಗೊಮ್ಮೆ ನೋಡಿದಳು. ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಅನ್ನಪ್ರಾಶನದ ದಿನ ಮನೆ ತುಂಬಿತ್ತು. ಶಾರದಾ ರೂಪಾಯಿಯ ಅಂಚಿಗೆ ಪಾಯಸ ಹಚ್ಚಿ ಮೊಮ್ಮಗಳ ತುಟಿಗೆ ತಾಗಿಸಿದಳು. ಕೂಸು ಮೊದಲು ಮುಖ ಹುಳಿ ಮಾಡಿತು, ಆಮೇಲೆ ಚಪ್ಪರಿಸಿತು, ಆಮೇಲೆ ಎರಡೂ ಕೈಯಲ್ಲಿ ರಾಣಿಯನ್ನು ಹಿಡಿದುಕೊಂಡು ಬಿಡಲೇ ಒಲ್ಲದು. ಅಜ್ಜಿಯ ಸೆರಗಿನಿಂದ ಈ ಪುಟ್ಟ ಮುಷ್ಟಿಯ ತನಕ ಬಂದವಳನ್ನು ಪ್ಲಾಸ್ಟಿಕ್ಕಿನಲ್ಲಿ ಹೂಳಲು ಹೊರಟಿದ್ದೆನಲ್ಲ! ಪಕ್ಕದಲ್ಲಿ ಕೂತಿದ್ದ ಕಾಕಾ ಕೂಸನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು, "ನನ್ನದನ್ನು ಡಬ್ಬಿಗೆ ಹಾಕಿದ ಮೇಲೆ ನಾನು ಮುಟ್ಟಿಯೇ ಇಲ್ಲ."

ಎದೆ ಇಷ್ಟಗಲವಾಯಿತು. ಅಲ್ಲಿಗೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಅವರ ಕಿವಿಯ ಬಳಿ ಬಗ್ಗಿ, "ಕಾಕಾ, ತಿಕ್ಕದೇ ಇದ್ದಿದ್ದರೆ ಅಂದಾಜು ಎಷ್ಟು ಬೀಳುತ್ತಿತ್ತು?" ಎಂದು ಕೇಳಿದೆ. ಅವರು ಪಾಯಸದ ಬಟ್ಟಲು ಕೆಳಗಿಟ್ಟು, ಪ್ರಾಮಾಣಿಕ ಮನುಷ್ಯ ನೋಡಿ, ತುಸು ಕಷ್ಟಪಟ್ಟೇ ಹೇಳಿದರು, "ಅರವತ್ತಮೂರು."

ಅರವತ್ತಮೂರು! ಅವರದಕ್ಕಿಂತ ಒಂದು ಹೆಚ್ಚು! ಈಗ ಮನೆಗೆ ಯಾರೇ ಬಂದರೂ ರೇಷ್ಮೆ ಬಟ್ಟೆ ಬಿಚ್ಚುವ ಮೊದಲೇ ಆ ಅಂಕ ಹೇಳಿಬಿಡುತ್ತೇನೆ. ಅವರು ಹುಬ್ಬೇರಿಸುತ್ತಾರೆ, ನಾನು ಬೀಗುತ್ತೇನೆ. ಅಷ್ಟರಲ್ಲಿ ಶಾರದಾ ಚಹಾದ ಕಪ್ಪುಗಳನ್ನಿಡುತ್ತಾ ನಗುನಗುತ್ತಲೇ ಮಾತು ಮುಗಿಸುತ್ತಾಳೆ: "ಹೌದ್ರಿ, ಅರವತ್ತಮೂರು ಖರೇನ. ಮನ್ಯಾಗ ಒಬ್ಬರು ತಿಕ್ಕದೇ ಕೈ ಕಟಗೊಂಡು ಕೂತಿದ್ದರ."